ಸುಣ್ಣದ ಗುರುತು

ಕಳೆದ ತಿಂಗಳು ಅಣ್ಣನ ಕಣ್ಣು ತೋರಿಸಲು ಬೆಂಗಳೂರಿಗೆ ಹೊರಟಿದ್ದೆವು. ಬಂಗಾರಪೇಟೆಯಲ್ಲಿ ನಿಂತು, ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹತ್ತಿದೆವು. ಬೆಳಗಿನಿಂದ ಜಡಿಮಳೆ ಹಿಡಿದಿತ್ತು. ಬೋಗಿಯ ತುಂಬ ಒದ್ದೆ ಕೊಡೆ, ಒದ್ದೆ ಚೀಲ, ಯಾರದೋ ಡಬ್ಬಿಯ ಪುಳಿಯೋಗರೆ, ಎಲ್ಲ ಸೇರಿದ ಒಂದು ವಾಸನೆ. ಅದನ್ನು ಸೀಳಿಕೊಂಡು ನೀಲಗಿರಿ ಎಣ್ಣೆಯ ಘಾಟು ಮೂಗಿಗೆ ಬಡಿಯಿತು. ಅಣ್ಣ ಬಾಗಿಲಲ್ಲೇ ನಿಂತುಬಿಟ್ಟ.

"ಬೇರೆ ಬೋಗಿಗೆ ಓಗಾನ ಕಣೇ," ಅಂದ.

"ರೈಲು ಬಿಟ್ಟಾಯ್ತು. ಆರ್ಕೊಂಡು ಓಗ್ತೀಯಾ ಈ ವಯಸ್ನಲ್ಲಿ?" ಅಂತ ರೇಗಿಸಿ ನಾನು ಅವನ ತೋಳು ಹಿಡಿದು ಒಳಗೆ ಎಳೆದುಕೊಂಡೆ. ಎಣ್ಣೆಯ ವಾಸನೆ ಯಾರ ಕಡೆಯಿಂದ ಬರುತ್ತಿದೆ ಎಂದು ನೋಡುವ ಮೊದಲೇ ನನಗೆ ಗೊತ್ತಾಗಿತ್ತು. ಅವನಿಗೂ ಗೊತ್ತಾಗಿತ್ತು. ಎಷ್ಟೋ ವರ್ಷಗಳ ಹಿಂದಿನ ಒಂದು ಹಿಂಗಾರು ಮಳೆಗಾಲ ನಮ್ಮಿಬ್ಬರ ಕಣ್ಣ ಮುಂದೆಯೂ ಒಟ್ಟಿಗೇ ಬಂದು ನಿಂತಿತ್ತು.

ಆಗ ನಾವು ರಾಬರ್ಟ್‌ಸನ್‌ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಮ್ಮದು ಬಂಗಾರಪೇಟೆ ಹತ್ತಿರದ ಹಳ್ಳಿ. ಅಣ್ಣ ವೆಂಕಟೇಶನಿಗೆ ಚಿನ್ನದ ಗಣಿಯ ಕಡೆ ಹೆಡ್ ಕಾನ್ಸ್‌ಟೇಬಲ್ ಆಗಿ ಹಾಕಿದ್ದರು. ಠಾಣೆ ಯಾವುದೆಂದು ಹೇಳುವುದಿಲ್ಲ, ಬಿಡಿ. ಊರು ಬಿಟ್ಟು ಬರುವಾಗ ಅಮ್ಮ ಒಂದು ಹಸುವನ್ನೂ ಜೊತೆಗೆ ಹೊಡೆದುಕೊಂಡು ಬಂದಿದ್ದಳು. ಪೇಟೆ ಮನೆಯ ಹಿತ್ತಲಲ್ಲಿ ಅದನ್ನು ಕಟ್ಟಿ, ಅಕ್ಕಪಕ್ಕದವರಿಗೆಲ್ಲ ಹಾಲು ಹಾಕಿ, ಒಂದೇ ತಿಂಗಳಲ್ಲಿ ಬೀದಿಗೆ ಯಜಮಾನಿ ಆಗಿದ್ದಳು. ಅತ್ತಿಗೆ ಹೆರಿಗೆಗೆಂದು ತೌರಿಗೆ ಹೋಗಿದ್ದಳು. ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದೆ. ಮನೆಯಲ್ಲಿ ನನ್ನ ಮದುವೆಯ ಮಾತು ಬಂದಾಗಲೆಲ್ಲ ಓವರ್‌ಟೈಮ್ ಹಾಕಿಸಿಕೊಂಡು ತಪ್ಪಿಸಿಕೊಳ್ಳುತ್ತಿದ್ದೆ.

ದಿನಾ ಬೆಳಿಗ್ಗೆ ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತುವುದು. ಗಣಿ ಮುಚ್ಚಿದ ಮೇಲೆ ಆ ಊರಿಗೆ ಅನ್ನ ಹಾಕುತ್ತಿದ್ದದ್ದು ಆ ರೈಲೇ. ಗಾರ್ಮೆಂಟ್ಸ್, ಹೌಸ್‌ಕೀಪಿಂಗ್, ಸೆಕ್ಯೂರಿಟಿ, ಗಾರೆ ಕೆಲಸ ಎಂದು ಅರ್ಧ ಊರು ಅದರಲ್ಲೇ ಹೋಗಿ ಅದರಲ್ಲೇ ಬರುತ್ತಿತ್ತು. ಹೆಂಗಸರ ಬೋಗಿಯಲ್ಲಿ ನನಗೆ ‘ರಕ್ತದ ರತ್ನ’ ಎಂದು ಹೆಸರಿಟ್ಟಿದ್ದರು. ನಮ್ಮ ಮೂಲೆಯ ಗಟ್ಟಿ ಬಾಯಿಯೆಂದರೆ ಗಾರ್ಮೆಂಟ್ಸ್‌ಗೆ ಹೋಗುವ ಜಯಮ್ಮ. ಬಾಯಿಯೇ ಇಲ್ಲದವಳೆಂದರೆ ಅಂಜಲೈ ಅಕ್ಕ. ಊರಿಗಾಂ ಲೈನ್ ಮನೆಯವಳು, ಅಂದರೆ ಗಣಿ ಕಾರ್ಮಿಕರ ಸಾಲುಮನೆಯವಳು, ಒಂದು ದೊಡ್ಡ ಅಂಗಡಿ ಸಂಕೀರ್ಣದಲ್ಲಿ ನೆಲ ಒರೆಸುವ ಕೆಲಸ. ಮನೆಮಾತು ತಮಿಳು, ನಮ್ಮ ಜೊತೆ ಕನ್ನಡ, ಜಯಮ್ಮನ ಜೊತೆ ತೆಲುಗು. ಮೂರರಲ್ಲೂ ಅವಳು ಆಡುತ್ತಿದ್ದದ್ದು ನಾಲ್ಕೇ ಮಾತು. ಮಡಿಲಲ್ಲಿ ಬಿಡಿ ಹೂವು ಸುರಿದುಕೊಂಡು, ವೈಟ್‌ಫೀಲ್ಡ್ ಬರುವಷ್ಟರಲ್ಲಿ ಕಟ್ಟಿ ಮುಗಿಸಿ, ನಮಗೆಲ್ಲ ಒಂದೊಂದು ತುಂಡು ಕತ್ತರಿಸಿ ಕೊಡುತ್ತಿದ್ದಳು. ಬೇಡ ಅಂದರೆ ತಾನೇ ಎದ್ದು ಬಂದು ಮುಡಿಸುವಳು.

ಅವಳ ಗಂಡ ಸೆಲ್ವರಾಜ್. ಹುಡುಗನಾಗಿದ್ದಾಗಲೇ ಅಪ್ಪನ ಹಿಂದೆ ಗಣಿಯೊಳಕ್ಕೆ ಇಳಿದವರು. ಬಂಡೆಗೆ ಮದ್ದು ತುಂಬಿ ಸಿಡಿಸುವುದು ಅವರ ಕಸುಬು. ಗಣಿ ಮುಚ್ಚಿದ ಮೇಲೆ ಅದೇ ಕಸುಬು ಹಿಡಿದು ಬಂಗಾರಪೇಟೆ ಕಡೆಯ ಒಂದು ಕಲ್ಲು ಕ್ವಾರಿಗೆ ಹೋಗುತ್ತಿದ್ದರು.

ಆ ವರ್ಷ ದೀಪಾವಳಿಗೆ ಇನ್ನೇನು ಒಂದು ವಾರ ಇದೆ ಅನ್ನುವಾಗ ಆ ಫೋನು ಬಂತು. ಹಬ್ಬದೊಳಗೆ ಬೆಳಗಿನ ರೈಲನ್ನು ಉಡಾಯಿಸುತ್ತೇವೆ ಎಂದು ಒಬ್ಬ ಗಂಡಸಿನ ದನಿ. ಮೊದಲ ದಿನ ರೈಲನ್ನು ನಿಲ್ಲಿಸಿ, ನಾಯಿ ಬಿಟ್ಟು, ಎಲ್ಲರ ಡಬ್ಬಿ ಬಿಚ್ಚಿಸಿ ನೋಡಿದರು. ಏನೂ ಸಿಗಲಿಲ್ಲ. ಯಾರೋ ಕೆಲಸವಿಲ್ಲದವನು ಎಂದು ನಾವೆಲ್ಲ ನಕ್ಕೆವು. ನಾಯಿಗೆ ಜಯಮ್ಮನ ಚಿತ್ರಾನ್ನ ಹಿಡಿಸಲಿಲ್ಲ ಎಂದು ಅವಳನ್ನು ಗೋಳು ಹೊಯ್ದುಕೊಂಡೆವು. ಮರುದಿನ ಕ್ವಾರಿಯ ಮದ್ದಿನ ಕೋಣೆಯಿಂದ ಒಂದು ಪೆಟ್ಟಿಗೆ ಜಿಲೆಟಿನ್ ಕಡ್ಡಿ ಕಾಣೆಯಾಗಿದೆ ಎಂದು ಸುದ್ದಿ ಬಂತು. ಆಮೇಲೆ ಯಾರೂ ನಗಲಿಲ್ಲ.

ಪೆಟ್ಟಿಗೆ ಹೊತ್ತುಕೊಂಡು ಹೋದದ್ದನ್ನು ಕಾವಲುಗಾರ ನೋಡಿದ್ದ. ಅದು ಸೆಲ್ವರಾಜ್. ಹಿಡಿದು ತಂದು ಕೇಳಿದ ಕೂಡಲೇ ಅವರು ಒಪ್ಪಿಕೊಂಡರಂತೆ. ಬಚ್ಚಿಡಲಿಲ್ಲ, ತಡವರಿಸಲಿಲ್ಲ. ಆ ಮೊದಲ ಉತ್ತರವನ್ನು ಅಣ್ಣ ಅವತ್ತೇ ಮನೆಗೆ ಬಂದು ಅವರ ದನಿಯಲ್ಲೇ ಹೇಳಿ ತೋರಿಸಿದ್ದ.

"ಅದು ಅಳೇ ಮದ್ದು ಸಾರ್. ಮಳೆಗೆ ತೇವ ಕುಡುದು ಬೆವರಿಬಿಟ್ಟಿತ್ತು. ಬೆವರಿದ ಮದ್ದು ಮುಟ್ಟಬಾರದು, ಮುಟ್ಟಿದ್ರೇ ಸಿಡಿಯುತ್ತೆ ಅಂತ ನಮ್ಮ ಅಪ್ಪ ಏಳ್ಕೊಟ್ಟಿದ್ರು. ಓನರ್‌ಗೆ ಏಳಿದ್ರೆ ಬೇರೆ ಯಾವನ ಕೈಲಾದ್ರೂ ಬಂಡೆಗೆ ತುಂಬಿಸ್ತಾರೆ, ಆ ಉಡುಗ್ರು ಪಸಂಗ ಸತ್ತೋಗ್ತಾವೆ. ಅದಕ್ಕೆ ಎತ್ಕೊಂಡೋಗಿ ಮೈಸೂರು ಮೈನ್ಸ್ ಕಡೆ ಶಾಫ್ಟ್ ನೀರಲ್ಲಿ ಮುಳುಗಿಸ್ದೆ. ಅಗ್ಗ ಕಟ್ಟಿ ಬಿಟ್ಟಿದೀನಿ. ಗೋಡೆ ಮೇಲೆ ಗುರುತು ಮಾಡಿದೀನಿ. ಬನ್ನಿ, ತೋರಿಸ್ತೀನಿ."

ಗಣಿಯವರಲ್ಲಿ ಒಂದು ಪದ್ಧತಿ ಇತ್ತಂತೆ. ಸಿಡಿಯದೆ ಉಳಿದ ಮದ್ದು ಎಲ್ಲಾದರೂ ಇದ್ದರೆ, ಮುಂದಿನ ಪಾಳಿಯವರು ಗೊತ್ತಿಲ್ಲದೆ ಕೈ ಹಾಕಬಾರದೆಂದು ಆ ಜಾಗದ ಬಂಡೆಯ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ಅಡ್ಡ ಗೀಟು, ಉದ್ದ ಗೀಟು ಎಳೆದು ಬರುವುದು. ಸೆಲ್ವರಾಜ್ ಎಲೆಯಡಿಕೆ ಹಾಕುವವರು. ಸುಣ್ಣದ ಡಬ್ಬಿ ಸದಾ ಜೇಬಿನಲ್ಲಿ. ಪೆಟ್ಟಿಗೆ ಮುಳುಗಿಸಿದ ಶಾಫ್ಟಿನ, ಅಂದರೆ ಗಣಿಗೆ ಇಳಿಯಲು ತೋಡಿ ಈಗ ನೀರು ತುಂಬಿದ್ದ ಹಾಳು ಬಾವಿಯ, ಸುತ್ತುಗೋಡೆಗೆ ಅದೇ ಗುರುತು ಬಳಿದು ಬಂದಿದ್ದರು.

ಅವರನ್ನು ಜೀಪಿನಲ್ಲಿ ಕರೆದುಕೊಂಡು ಹೋದರು. ಅಲ್ಲಿ ಒಂದರ ಪಕ್ಕ ಒಂದು ಹಾಳು ಶಾಫ್ಟ್‌ಗಳು, ಎಲ್ಲಕ್ಕೂ ಒಂದೇ ಥರದ ಮುರುಕು ಗೋಡೆ, ಎಲ್ಲದರ ಮೇಲೂ ಆಳೆತ್ತರ ಲಂಟಾನ. ಸೆಲ್ವರಾಜ್ ಮಳೆಯಲ್ಲಿ ನೆನೆಯುತ್ತ ಎಲ್ಲ ಗೋಡೆಗಳನ್ನೂ ಸುತ್ತಿದರು. ಗುರುತು ಎಲ್ಲೂ ಇರಲಿಲ್ಲ. ಪೆಟ್ಟಿಗೆ ಮುಳುಗಿಸಿದ ದಿನ ಮುಸ್ಸಂಜೆಯಲ್ಲಿ ಒಬ್ಬರೇ ಅವಸರದಲ್ಲಿ ಬಂದಿದ್ದರು. ಗುರುತು ಇದೆಯಲ್ಲ ಎಂದು ಜಾಗವನ್ನು ಸರಿಯಾಗಿ ನೋಡಿಟ್ಟುಕೊಂಡಿರಲಿಲ್ಲ. "ಇಲ್ಲೇ ಮಾಡಿದ್ದೆ ಸಾರ್, ಸತ್ಯಮಾ ಇಲ್ಲೇ ಮಾಡಿದ್ದೆ" ಎಂದು ಒಂದೇ ಸಮನೆ ಹೇಳುತ್ತಿದ್ದರಂತೆ. ಇನ್ಸ್‌ಪೆಕ್ಟರ್ ಜೀಪಿಗೆ ಒರಗಿ ನಿಂತು ನೋಡಿದರು. ಆಮೇಲೆ ಸಾಕು, ನಡೀರಿ ಅಂದರು.

ಆ ಇನ್ಸ್‌ಪೆಕ್ಟರ್ ಕೆಟ್ಟ ಮನುಷ್ಯನಲ್ಲ. ಇದನ್ನು ಹೇಳದಿದ್ದರೆ ನಾನು ಸುಳ್ಳು ಬರೆದಂತಾಗುತ್ತದೆ. ಲಾಕಪ್ಪಿನಲ್ಲಿ ಇದ್ದವರಿಗೆ ತಮ್ಮ ಮನೆಯಿಂದ ಹೊದಿಕೆ ತರಿಸಿ ಕೊಟ್ಟವರು. ಹಿಂದೆ ಬೇರೆ ಊರಿನಲ್ಲಿದ್ದಾಗ, ಒಂದು ಬಸ್ ನಿಲ್ದಾಣದಲ್ಲಿ ಬಾಂಬು ಸಿಡಿದ ಮೇಲೆ ಬಿದ್ದಿದ್ದನ್ನೆಲ್ಲ ಗೋಣಿಯಲ್ಲಿ ಆಯ್ದವರೂ ಅವರೇ. ಆ ಸಂಗತಿಯನ್ನು ಅಣ್ಣನಿಗೆ ಒಂದು ಸಲ ಹೇಳಿಕೊಂಡಿದ್ದರು, ಚಪ್ಪಲಿಗಳು ಮಾತ್ರ ಜೋಡಿ ಜೋಡಿಯಾಗಿ ಸಿಕ್ಕಿದವು ಎಂದು. ಮೇಲಿನಿಂದ ಗಂಟೆಗೊಂದು ಫೋನು ಬರುತ್ತಿತ್ತು. ಪೆಟ್ಟಿಗೆ ಎಲ್ಲಿ, ಪೆಟ್ಟಿಗೆ ಎಲ್ಲಿ ಎಂದು. ಕಾಗದದ ಮೇಲೆ ಸೆಲ್ವರಾಜ್ ಆ ಠಾಣೆಗೆ ಬಂದೇ ಇರಲಿಲ್ಲ. ನಾಳೆ ಬೆಳಿಗ್ಗೆ ರೈಲು ಹೊರಡುವ ಮೊದಲು ಬಾಯಿ ಬಿಡಿಸಿ ಎಂದು ಅಣ್ಣನಿಗೂ ಇನ್ನೊಬ್ಬರಿಗೂ ಹೇಳಿ, ಇನ್ಸ್‌ಪೆಕ್ಟರ್ ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತರಂತೆ.

ಅಣ್ಣ ಊಟಕ್ಕೆಂದು ಮನೆಗೆ ಬಂದ. ಅವತ್ತು ಭಾನುವಾರ, ನಾನೂ ಮನೆಯಲ್ಲಿದ್ದೆ. ಅಮ್ಮ ಮುದ್ದೆ ಇಟ್ಟು, ಅವರೆಕಾಳಿನ ಸಾರು ಬಿಟ್ಟಳು. ಅವನು ಮುದ್ದೆ ಮುರಿಯಲಿಲ್ಲ. ಎಲ್ಲವನ್ನೂ ಹೇಳಿ, ಕಡೆಗೆ ನನ್ನ ಕಡೆ ತಿರುಗಿದ.

"ನೀನು ಏಳೇ ರತ್ನಾ. ಆ ರೈಲಲ್ಲಿ ಓಗೋಳು ನೀನು. ಏನ್ಮಾಡ್ಲಿ?"

"ಅವ್ರು ಏಳಿದ್ದು ನಿಜ ಇರಬಾರದಾ?"

"ನಿಜ ಇರಬೌದು. ಸುಳ್ಳಿದ್ರೆ? ಯಾವನಾದ್ರೂ ಒಳ್ಳೆ ಮದ್ದು ಕದ್ದು ನೀರಿಗೆ ಆಕ್ತಾನಾ?"

"ಅಂಜಲೈ ಅಕ್ಕನ ಗಂಡ ಕಣೋ. ನನ್ನ ಎಸರು ಏಳ್ಕೊಂಡು ಅವ್ರ ಮೇಲೆ ಕೈ ಎತ್ತಬೇಡ. ನಾನು ನಾಳೆನೂ ಓಗ್ತೀನಿ ರೈಲಿಗೆ."

ಅವನಿಗೆ ಸಿಟ್ಟು ಬಂತು. "ಓಗ್ತಾಳಂತೆ! ನಾಳೆ ಸಿಡಿದ್ರೆ ನಿನ್ನ ಎಣ ಉಡುಕೋನು ನಾನು. ಜಯಮ್ಮನ್ನ, ಆ ಬೋಗಿಲಿರೋ ಅಷ್ಟೂ ಎಂಗಸ್ರನ್ನ ಉಡುಕೋನು ನಾನು. ಆಮೇಲೆ ಅವರ ಮಕ್ಳು ಬಂದು, ನಿಮ್ಮ ಕೈಗೆ ಸಿಕ್ಕಿದ್ನಲ್ಲ, ಯಾಕೆ ಕೇಳಲಿಲ್ಲ ಅಂದ್ರೆ ಏನ್ ಏಳ್ಲಿ? ಪಾಪ ಅನ್ನಿಸ್ತು ಅಂತ ಏಳ್ಲಾ?"

ಅಮ್ಮ ಸಾರಿನ ಸೌಟು ಹಿಡಿದುಕೊಂಡೇ ನಿಂತಿದ್ದಳು.

"ಅಸ ಒದ್ರೂ ತಿರುಗಿ ಒಂದೇಟು ಒಡೆದೋನಲ್ಲ ನೀನು. ನಿನ್ ಕೈಲಿ ಆಯ್ತದೇನ್ಲಾ?" ಅಂದಳು.

"ಆಗಲ್ಲ ಕಣಮ್ಮಾ. ಅದಕ್ಕೇ ಕೇಳ್ತಾ ಇರೋದು."

ಅವನು ಕೈ ತೊಳೆದು ಎದ್ದ. ಹಿತ್ತಲಿಗೆ ಹೋಗಿ ಹಸುವಿನ ಮುಂದೆ ಒಂದು ಹಿಡಿ ಹುಲ್ಲು ಹಾಕಿ, ಟೋಪಿ ಹಾಕಿಕೊಂಡು ಹೊರಟ. ಅವನು ಹೋಗಿ ಏನು ಮಾಡಿದ ಎಂಬುದನ್ನು ಅವನ ಬಾಯಿಂದ ನಾನು ಕೇಳಿಲ್ಲ. ಪಾದಗಳಿಗೆ ಹೊಡೆದರು ಎಂದು ಆಮೇಲೆ ಅಂಜಲೈ ಅಕ್ಕನಿಂದ ತಿಳಿಯಿತು. ಅಲ್ಲಿಗೆ ಹೊಡೆದರೆ ಮೇಲೆ ಗುರುತು ಕಾಣುವುದಿಲ್ಲವಂತೆ.

ಮರುದಿನ ಹಟಕ್ಕೆ ಬಿದ್ದವಳಂತೆ ರೈಲು ಹತ್ತಿದೆ. ಅರ್ಧ ಜನ ಬಂದಿರಲಿಲ್ಲ. ಬಂದವರು ಸೀಟಿನ ಕೆಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದರು. ಜಯಮ್ಮ ಬಂದಿದ್ದಳು, ಒಂದು ದಿನ ತಪ್ಪಿಸಿದರೆ ಹಾಜರಿ ಬೋನಸ್ ಹೋಗುತ್ತದೆಂದು. ಕೂತವಳೇ ಗಟ್ಟಿಯಾಗಿ ಶುರುಮಾಡಿದಳು.

"ಅವನ ಕೈಕಾಲು ಮುರಿದ್ರೂ ಸರಿ, ಬಾಯಿ ಬಿಡಿಸ್ಬೇಕು ಕಣ್ರೇ. ನಮ್ಮ ಮಕ್ಕಳು ಬೀದಿಗೆ ಬೀಳ್ಬೇಕಾ?"

ನಾನು ಅವಳ ತೊಡೆ ಚಿವುಟಿದೆ. ಆಗಲೇ ಅವಳು ಕಿಟಕಿಯ ಪಕ್ಕ ನೋಡಿದ್ದು. ಅಂಜಲೈ ಅಕ್ಕ ಅಲ್ಲಿ ಕೂತು ಸೇವಂತಿಗೆ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ, ಕೈ ನಿಲ್ಲಿಸಲಿಲ್ಲ. ಅವಳು ಎಂದಿನಂತೆ ಹೂವು ತುಂಡು ಮಾಡಿ ಒಂದೊಂದನ್ನೇ ಚಾಚಿದಳು. ಯಾರ ಕೈಯೂ ಮುಂದೆ ಬರಲಿಲ್ಲ. ನಾನು ನನ್ನದನ್ನು ತಗೊಂಡು ಮುಡಿದುಕೊಂಡೆ. ಉಳಿದದ್ದನ್ನು ಅವಳು ಮಡಿಲಲ್ಲೇ ಇಟ್ಟುಕೊಂಡಳು.

ಮಾಲೂರು ದಾಟಿದ ಮೇಲೆ ಮೇಲಿನ ಹಲಗೆಯಿಂದ ಯಾರದೋ ಸ್ಟೀಲಿನ ಕ್ಯಾರಿಯರ್ ಜಾರಿ ಢಣ್ಣೆಂದು ನೆಲಕ್ಕೆ ಬಿತ್ತು. ಬೋಗಿಗೆ ಬೋಗಿಯೇ ಕಿರುಚಿತು. ನಾನು ಕಣ್ಣು ಮುಚ್ಚಿ ಕಿವಿ ಮುಚ್ಚಿ ಬಗ್ಗಿಬಿಟ್ಟೆ. ಸಾರು ಹರಿದು ನನ್ನ ಚಪ್ಪಲಿಗೆ ತಾಗಿ ಬೆಚ್ಚಗಾದಾಗ ಅದು ಕ್ಯಾರಿಯರ್ ಎಂದು ಗೊತ್ತಾಯಿತು. ಬಗ್ಗಿದ್ದ ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಬಂದದ್ದು ಇಷ್ಟೇ: ಹೊಡೀಲಿ, ಎಷ್ಟು ಬೇಕಾದರೂ ಹೊಡೀಲಿ, ಪೆಟ್ಟಿಗೆ ಸಿಗಲಿ. ಹಿಂದಿನ ದಿನ ಊಟದ ಮುಂದೆ ಅಷ್ಟು ಧೈರ್ಯವಾಗಿ ಮಾತಾಡಿದವಳೂ ನಾನೇ.

ಅವತ್ತು ಸಂಜೆ ಸೆಲ್ವರಾಜ್ ಬಾಯಿ ಬಿಟ್ಟರು ಎಂದು ಸುದ್ದಿ. ಪೆಟ್ಟಿಗೆಯನ್ನು ಕುಪ್ಪಂನಲ್ಲಿರುವ ಷಡ್ಡಕ ಮುನಿಸ್ವಾಮಿಗೆ ಕೊಟ್ಟೆ ಅಂದರಂತೆ. ಇನ್ಸ್‌ಪೆಕ್ಟರ್ ನೆಮ್ಮದಿಯ ಉಸಿರು ಬಿಟ್ಟರು. ಅಣ್ಣ ಮನೆಗೆ ಬಂದು ಎರಡು ಮುದ್ದೆ ಉಂಡ. "ನೋಡ್ದಾ? ಅವತ್ತೇ ಏಳಿದ್ರೆ ಇಷ್ಟು ಆಗ್ತಿರ್ಲಿಲ್ಲ," ಅಂದ. ನಿದ್ದೆಯಿಲ್ಲದ ಅವನ ಮುಖದಲ್ಲಿ ಗೆಲುವು ಇತ್ತು. ನನಗೂ ನಿರಾಳವಾಯಿತು ಎಂದು ಹೇಳಲೇಬೇಕು.

ಕುಪ್ಪಂಗೆ ಜೀಪು ಓಡಿತು. ಮುನಿಸ್ವಾಮಿಯ ಮನೆಯ ನೆಲ ಅಗೆದರು, ಬಣವೆ ಕಿತ್ತರು, ಕೆನ್ನೆಗೆ ನಾಲ್ಕು ಕೊಟ್ಟು ಅವನನ್ನೂ ಎಳೆದು ತಂದರು. ಅಲ್ಲಿ ಏನೂ ಇರಲಿಲ್ಲ. ಆ ಮನುಷ್ಯನಿಗೆ ಜಿಲೆಟಿನ್ ಎಂದರೇನೆಂದೇ ಗೊತ್ತಿರಲಿಲ್ಲ. ಅವನ ಹೆಸರು ಯಾಕೆ ಹೇಳಿದೆ ಎಂದು ಅಣ್ಣ ಕೇಳಿದನಂತೆ. ಸೆಲ್ವರಾಜ್, "ಯಾರದಾದ್ರೂ ಎಸರು ಕೇಳಿದ್ರಲ್ಲ ಸಾರ್. ಮುನಿಸ್ವಾಮಿ ಗಟ್ಟಿ ಆಳು, ತಡ್ಕೋತಾನೆ ಅಂತ ಅವನ್ದು ಏಳ್ದೆ," ಅಂದರಂತೆ. ಅಣ್ಣ ಆ ರಾತ್ರಿ ಮನೆಗೆ ಬರಲಿಲ್ಲ. ದಿನಾ ಅವನು ಕರೆಯುತ್ತಿದ್ದ ಹಸುವಿನ ಹಾಲನ್ನು ಅವತ್ತು ಅಮ್ಮನೇ ಕರೆದಳು.

ಅಂಜಲೈ ಅಕ್ಕ ಅಷ್ಟೆಲ್ಲದರ ನಡುವೆಯೂ ಕೆಲಸಕ್ಕೆ ಬರುತ್ತಿದ್ದಳು. ಬೆಳಿಗ್ಗೆ ಠಾಣೆಯ ಹತ್ತಿರ ಹೋಗಿ ಗಂಡನಿಗೆ ತಿಂಡಿ ಕೊಟ್ಟು, ಅಲ್ಲಿಂದ ರೈಲಿಗೆ. ಹಬ್ಬಕ್ಕೆ ಎರಡು ದಿನ ಇರುವಾಗ ಅವಳು ಹೂವು ತಂದಿರಲಿಲ್ಲ. ಹತ್ತಿದವಳೇ ಸೀದಾ ಬಂದು ನನ್ನ ಪಕ್ಕ ಕೂತು ಕೈ ಹಿಡಿದುಕೊಂಡಳು. ಅವಳ ಕೈ ಒದ್ದೆಯಾಗಿತ್ತು.

"ರತ್ನಾ, ನಿಮ್ಮ ಅಣ್ಣಂಗೆ ಒಂದು ಮಾತು ಏಳ್ತೀಯಾ? ಈಗ್ಲೇ ಫೋನ್ ಮಾಡಿ ಏಳ್ತೀಯಾ?"

"ಏನಕ್ಕಾ?"

"ಬೆಳಿಗ್ಗೆ ವಾಸಲ್ ಮುಂದೆ ಸುಣ್ಣದ ಪುಡೀಲಿ ಕೋಲ, ಅದೇ ರಂಗೋಲಿ, ಆಕ್ದೆ. ಒಳಗೆ ಓಗಿ ಕಾಫಿ ಇಟ್ಟು ಬರೋಷ್ಟ್ರಲ್ಲಿ ಮಳೆ ಬಂದು ಎಲ್ಲಾ ಅಳಿಸೋಗಿತ್ತು. ಅಲ್ಲೇ ಕೂತ್ಬಿಟ್ಟೆ ನಾನು. ಸುಣ್ಣ ರತ್ನಾ! ಅವ್ರು ಸುಣ್ಣದಲ್ಲಿ ಗುರುತು ಮಾಡಿದಾರೆ. ಗಣಿ ಒಳಗೆ ಮಳೆ ಎಲ್ಲಿ ಬರುತ್ತೆ? ಅಲ್ಲಿ ಗೀಚಿದ್ದು ವರ್ಷ ಆದ್ರೂ ಅಂಗೇ ಇರುತ್ತೆ. ಅದೇ ಅಭ್ಯಾಸ ಅವ್ರಿಗೆ. ಮೇಲೆ ಮಳೆ ಬರುತ್ತೆ ಅಂತ ಜ್ಞಾಪಕಾನೇ ಬಂದಿಲ್ಲ ಆ ಮನುಷ್ಯಂಗೆ. ಗುರುತು ಉಡುಕಬೇಡಿ ಅನ್ನು. ಅಗ್ಗ ಕಟ್ಟಿದೀನಿ ಅಂದಿದ್ರಲ್ಲ, ಗಿಡ ಎಲ್ಲಾ ಕಡಿದು ಆ ಅಗ್ಗ ಉಡುಕ್ಲಿ."

ನಾನು ಫೋನು ಹಚ್ಚಿ ಅವಳ ಕೈಗೇ ಕೊಟ್ಟೆ. ಅವಳು ಅಣ್ಣನಿಗೆ ಹೇಳುವಾಗ ಬೋಗಿಯವರೆಲ್ಲ ಕೇಳಿಸಿಕೊಂಡರು. ಅಣ್ಣ ಆ ಕಡೆಯಿಂದ ‘ಹ್ಞೂಂ ತಾಯಿ’ ಅಂದನಂತೆ ಅಷ್ಟೇ. ಫೋನು ವಾಪಸು ಕೊಟ್ಟ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ನನಗೆ ಮಾತ್ರ ಕೇಳಿಸುವ ಹಾಗೆ ಇನ್ನೊಂದು ಮಾತು ಹೇಳಿದಳು.

"ಆ ಕ್ಯಾರಿಯರ್ ಬಿತ್ತಲ್ಲ ಅವತ್ತು... ನಾನೂ ಇದೇ ರೈಲಲ್ಲಿ ಇದ್ನಲ್ಲಮ್ಮಾ. ಏನಾದ್ರೂ ಮಾಡಿದಾರಾ ಈ ಮನುಷ್ಯ ಅಂತ ನಂಗೇ ಅನುಮಾನ ಬಂದ್ಬಿಡ್ತು. ಇನ್ನೊಂದೇಟು ಒಡೆದಾದ್ರೂ ಕೇಳ್ಲಿ ಅನ್ನಿಸ್ತು. ಕಟ್ಕೊಂಡ ಗಂಡ."

ನಾನು ಅವಳ ಕೈ ಬಿಡಲಿಲ್ಲ. ನನಗೂ ಹಾಗೇ ಅನ್ನಿಸಿತ್ತು ಎಂದು ಹೇಳಿದೆ. ಕಂಟೋನ್ಮೆಂಟ್ ಬರುವ ತನಕ ಇಬ್ಬರೂ ಹಾಗೇ ಕೂತಿದ್ದೆವು.

ಅಣ್ಣ ಮಚ್ಚು ತಗೊಂಡು, ಇಬ್ಬರು ಆಳುಗಳನ್ನು ಕರೆದುಕೊಂಡು, ಯಾರಿಗೂ ಕಾಯದೆ ಮೈಸೂರು ಮೈನ್ಸ್ ಕಡೆಗೆ ಹೋದ. ಮಳೆಯಲ್ಲೇ ಲಂಟಾನ ಕಡಿದರು. ಎರಡನೆಯ ಶಾಫ್ಟಿನ ಗೋಡೆಯ ಒಳಮಗ್ಗುಲಲ್ಲಿ, ತುಕ್ಕು ಹಿಡಿದ ಒಂದು ಗರ್ಡರಿಗೆ ಹಗ್ಗ ಬಿಗಿದಿತ್ತು. ತಜ್ಞರು ಬಂದು ಮೇಲೆಳೆದರು. ಗೋಣಿಚೀಲದ ಒಳಗೆ ಒಂದು ಕಲ್ಲು, ಜೊತೆಗೆ ನೀರಲ್ಲಿ ನೆನೆದು ಕೆಸರಿನಂತಾಗಿದ್ದ ಕಡ್ಡಿಗಳು. ಪೂರಾ ಪೆಟ್ಟಿಗೆಯ ಲೆಕ್ಕ ಅಲ್ಲೇ ಇತ್ತು. ಸೆಲ್ವರಾಜ್ ಮೊದಲ ದಿನ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಬೆದರಿಕೆಯ ಫೋನು ಮಾಡಿದ್ದವನೂ ಹಬ್ಬದ ದಿನ ಸಿಕ್ಕಿದ. ಸೀಟಿನ ಜಗಳದಲ್ಲಿ ಯಾರೋ ತಳ್ಳಿ ಕೆಳಗಿಳಿಸಿದರೆಂದು ಸಿಟ್ಟಿಗೆ ಹಾಗೆ ಮಾಡಿದ್ದ ಒಬ್ಬ ದಿನದ ಪ್ರಯಾಣಿಕ. ಅವನಿಗೂ ಮದ್ದಿಗೂ ಯಾವ ಸಂಬಂಧವೂ ಇರಲಿಲ್ಲ.

ಸೆಲ್ವರಾಜ್ ಅವರನ್ನು ಆಟೋದಲ್ಲಿ ಮಲಗಿಸಿ ಮನೆಗೆ ಕಳಿಸಿದರು. ಮದ್ದು ಸಾಗಿಸಿದ್ದಕ್ಕೆ ಅವರ ಮೇಲೆ, ಹಳೇ ಮದ್ದು ಇಟ್ಟುಕೊಂಡಿದ್ದಕ್ಕೆ ಕ್ವಾರಿಯವನ ಮೇಲೆ ಎಂದು ಕೇಸು ಹಾಕಿದರು. ಅದು ಎಲ್ಲಿಯೋ ಎಳೆದಾಡಿ ತಣ್ಣಗಾಯಿತು. ತಿಂಗಳಾನುಗಟ್ಟಲೆ ಅವರಿಗೆ ನೆಲಕ್ಕೆ ಕಾಲೂರಲು ಆಗಲಿಲ್ಲ. ಅಂಜಲೈ ಅಕ್ಕನ ತಂಗಿ, ಮುನಿಸ್ವಾಮಿಯ ಹೆಂಡತಿ, ಕುಪ್ಪಂನಿಂದ ಒಂದು ಸಲವೂ ಬಂದು ನೋಡಲಿಲ್ಲ. ಇವತ್ತಿಗೂ ಆ ಎರಡು ಮನೆಗಳ ನಡುವೆ ಹೋಗಿಬರುವುದು ಇಲ್ಲ. ಜಯಮ್ಮ ಮಾತ್ರ ಹಬ್ಬ ಕಳೆದ ಮೊದಲ ದಿನವೇ ಅಂಜಲೈ ಅಕ್ಕನ ಮುಂದೆ ಬೆನ್ನು ತಿರುಗಿಸಿ ಕೂತು, "ಮುಡಿಸೇ ತಾಯಿ, ಇಲ್ದಿದ್ರೆ ನಾನು ಇವತ್ತು ಇಳಿಯಲ್ಲ," ಅಂದಳು. ಅವಳು ಮುಡಿಸಿದಳು. ಇಬ್ಬರೂ ಅತ್ತರು. ನಾವು ಉಳಿದವರು ಕಿಟಕಿಯಾಚೆ ನೋಡಿದೆವು.

ಇನ್ಸ್‌ಪೆಕ್ಟರಿಗೆ ವರ್ಗವಾಯಿತು. ಹೋಗುವ ಮುನ್ನ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು ಅಮ್ಮನ ಕೈಯ ಕಾಫಿ ಕುಡಿದರು. ಅಣ್ಣ ಗೋಡೆಗೆ ಒರಗಿ ನಿಂತಿದ್ದ.

"ತಪ್ಪಾಯ್ತು ಅಂತ ಗೊತ್ತು ವೆಂಕಟೇಶ್. ಮಾಡಿಸಿದ್ದು ನಾನು, ನೀವಲ್ಲ," ಅಂದರು. ಲೋಟ ಕೆಳಗಿಟ್ಟರು. "ಆದರೆ ನಾಳೆ ಇನ್ನೊಂದು ಊರಲ್ಲಿ ಅಂಥದೇ ಫೋನ್ ಬಂದು, ಒಬ್ಬ ನನ್ನ ಮುಂದೆ ಕೂತಿದ್ದರೆ, ನಾನು ಕೈ ಕಟ್ಟಿ ಕೂರ್ತೀನಿ ಅಂತ ಆಣೆ ಇಡೋಕೆ ಆಗಲ್ಲ. ಅದೇ ನನಗೆ ಭಯ."

ಅಮ್ಮ ಇನ್ನೊಂದು ಲೋಟ ಕಾಫಿ ತಂದಳು. ನಾನು ಆ ಮನುಷ್ಯನನ್ನು ದ್ವೇಷಿಸಬೇಕೆಂದು ತುಂಬ ಪ್ರಯತ್ನಪಟ್ಟೆ. ಆಗಲಿಲ್ಲ. ಅವರ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ಷರಟಿನ ಗುಂಡಿ ಒಂದು ಮೇಲಕ್ಕೆ ಒಂದು ಕೆಳಕ್ಕೆ ಹಾಕಿಕೊಂಡಿದ್ದರು.

ಅಣ್ಣ ಪೇಟೆಯಿಂದ ಪಾದಕ್ಕೆ ತಿಕ್ಕಲೆಂದು ನೀಲಗಿರಿ ಎಣ್ಣೆಯ ದೊಡ್ಡ ಬಾಟಲಿ ತಂದು, ಊರಿಗಾಂ ಲೈನಿಗೆ ಹೋಗಿ, ಬಾಗಿಲು ತಟ್ಟುವ ಧೈರ್ಯ ಸಾಲದೆ ಹೊಸ್ತಿಲ ಮೇಲಿಟ್ಟು ಬಂದ. ಮುಗಿಯಿತೆಂದು ಲೆಕ್ಕ ಹಾಕಿ ಮತ್ತೊಂದು ಇಟ್ಟ. ಮೂರನೆಯ ಸಲ ಸೆಲ್ವರಾಜ್ ಒಳಗಿನಿಂದಲೇ ಕೂಗಿದರಂತೆ: "ಯಾಕ್ ಸಾರ್ ಕಳ್ಳನ ತರಾ ಬಂದು ಓಗ್ತೀರಾ? ಒಳಗೆ ಬನ್ನಿ. ಟೀ ಕುಡೀರಿ." ಅಣ್ಣ ಹೋದ. ಕುಡಿದ. ಏನು ಮಾತಾಡಿದಿರಿ ಎಂದು ಕೇಳಿದರೆ, ಮಳೆ ವಿಚಾರ ಅಂದ. ಆಮೇಲೆ ಅವನು ರಿಟೈರಾಗುವ ತನಕ ಹಬ್ಬಹಬ್ಬಕ್ಕೂ ನಮ್ಮ ಮನೆಯ ಹಾಲು ಅಲ್ಲಿಗೆ ಹೋಗುತ್ತಿತ್ತು, ಅಲ್ಲಿಂದ ಹೂವು ಬರುತ್ತಿತ್ತು. ಎಲ್ಲ ಸರಿಹೋಯಿತು ಎಂದೇ ನಾನು ಅಂದುಕೊಂಡಿದ್ದೆ. ಅಣ್ಣನೂ ಹಾಗೆಯೇ ಅಂದುಕೊಂಡಿದ್ದಿರಬೇಕು. ಬಂಗಾರಪೇಟೆಗೆ ವಾಪಸು ಬಂದ ಮೇಲೆ ಅವರನ್ನು ನೋಡಿ ವರ್ಷಗಳಾಗಿದ್ದವು, ಅಷ್ಟೇ.

ಕಳೆದ ತಿಂಗಳ ಆ ರೈಲಿನಲ್ಲಿ ಅವರಿಬ್ಬರೂ ಕೂತಿದ್ದರು. ಅಂಜಲೈ ಅಕ್ಕ ನಮ್ಮನ್ನು ಕಂಡವಳೇ ಜರುಗಿ ಜಾಗ ಮಾಡಿ, "ಬಾ ರತ್ನಾ, ಬನ್ನಿ ಅಣ್ಣಾ," ಎಂದು ಕೈ ಹಿಡಿದು ಕೂರಿಸಿಕೊಂಡಳು. ಸೆಲ್ವರಾಜ್ ಸೊರಗಿದ್ದರು. ಪಕ್ಕದಲ್ಲಿ ಊರುಗೋಲು. ಮೋಡ ಕಟ್ಟಿದರೆ ಪಾದ ಸೆಳೆಯುತ್ತದೆಂದು ಚಪ್ಪಲಿ ಕಳಚಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅಣ್ಣನನ್ನು ನೋಡಿ ಮುಖ ಅರಳಿತು.

"ಎನ್ನ ಸಾರ್, ಇಷ್ಟು ಇಳಿದೋಗಿದೀರಾ? ಕಣ್ಣಿಗೆ ಏನಾಯ್ತು?"

"ಪೊರೆ ಬಂದೈತೆ ಸೆಲ್ವರಾಜ್. ನೀವೆಂಗಿದೀರಾ?"

"ಇದೀನಿ ಸಾರ್. ನಿಮ್ಮ ಆಶೀರ್ವಾದ."

ಪೊರೆಯ ಆಪರೇಷನ್ನು, ಅತ್ತಿಗೆಯ ಮಂಡಿನೋವು, ಹೂವಿನ ಬೆಲೆ ಎಂದು ಮಾತು ಚೆನ್ನಾಗಿಯೇ ಹರಿಯಿತು. ಸೆಲ್ವರಾಜ್ ತಮ್ಮ ಡಬ್ಬಿಯಿಂದ ಒಂದು ಇಡ್ಲಿ ತೆಗೆದು ಅಣ್ಣನ ಕೈಗಿಟ್ಟರು. ಅಣ್ಣ ತಿಂದು, ಚಟ್ನಿ ಖಾರ ಎಂದು ನಕ್ಕ. ಟೇಕಲ್ ಹತ್ತಿರ ರೈಲು ಕುಲುಕಿತು. ಸೀಟಿನ ಅಂಚಿನಲ್ಲಿದ್ದ ಎಣ್ಣೆಯ ಬಾಟಲಿ ಉರುಳಿ ಕೆಳಗೆ ಬಿದ್ದು, ಸೆಲ್ವರಾಜ್ ಅವರ ಕಾಲ ಬಳಿ ಹೋಗಿ ನಿಂತಿತು.

ಎತ್ತಿಕೊಡಲೆಂದು ಅಣ್ಣ ಬಗ್ಗಿ ಕೈ ಚಾಚಿದ.

ಸೆಲ್ವರಾಜ್ ಎರಡೂ ಪಾದಗಳನ್ನು ಸರಕ್ಕನೆ ಸೀಟಿನ ಮೇಲಕ್ಕೆ ಎಳೆದುಕೊಂಡು, ಮೊಣಕಾಲು ಎದೆಗೆ ಒತ್ತಿ, ಎರಡು ಕೈಯಲ್ಲೂ ಅಂಗಾಲು ಮುಚ್ಚಿಕೊಂಡರು.

ಅಣ್ಣನ ಕೈ ಬಾಟಲಿಯ ಮೇಲೆಯೇ ನಿಂತಿತು. ಅಂಜಲೈ ಅಕ್ಕ ಕಿಟಕಿಯ ಕಡೆ ತಿರುಗಿದಳು. ಸೆಲ್ವರಾಜ್ ತಮ್ಮ ಪಾದಗಳನ್ನು ಒಂದು ಸಲ, ಅಣ್ಣನನ್ನು ಒಂದು ಸಲ ನೋಡಿದರು. ಅವರ ಮುಖದಲ್ಲಿ ಭಯವಿರಲಿಲ್ಲ. ಇದ್ದದ್ದು ಬರೀ ನಾಚಿಕೆ.

"ತಪ್ಪು ತಿಳ್ಕೋಬೇಡಿ ಸಾರ್," ಅಂದರು. "ನಾನಾಗಿ ಎಳ್ಕೊಂಡಿದ್ದಲ್ಲ."

ಅಣ್ಣ ಬಾಟಲಿಯ ಮುಚ್ಚಳ ಬಿಗಿ ಮಾಡಿ, ಅವರ ಕಾಲಿನಿಂದ ದೂರಕ್ಕೆ, ಸೀಟಿನ ಆ ಕೊನೆಯಲ್ಲಿ ಇಟ್ಟ. ಆಮೇಲೆ ತನ್ನ ಎರಡು ಕೈಗಳನ್ನೂ ತೊಡೆಯ ಕೆಳಗೆ ಸೇರಿಸಿಕೊಂಡು ಕೂತ. ಬೆಂಗಳೂರು ಬರುವ ತನಕ ಅವುಗಳನ್ನು ಹೊರಗೆ ತೆಗೆಯಲಿಲ್ಲ.